ಬೆರಳಿಗೆ ಹೊಸ ಪಾಠ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬುದು ನಮ್ಮ ಹಿರಿಯರ ಮಾತು. ಚಿಕ್ಕಂದಿನಲ್ಲಿ ರೂಢಿಯಾದ ನಡೆನುಡಿಗಳು ದೊಡ್ಡವರಾದ ಮೇಲೆ ಬದಲಾಗಲಾರವು ಎಂಬುದು ಅದರ ತಾತ್ಪರ್ಯ. ಈ ಮಾತು ಎಷ್ಟರ ಮಟ್ಟಿಗೆ ನಿಜ, ಎಲ್ಲಿಂದ ಮುಂದೆ ನಿಜವಲ್ಲ ಎಂಬುದನ್ನು ಹುಬ್ಬಳ್ಳಿಯ ನಮ್ಮ ಮನೆಯಲ್ಲಿಯೇ ಕಣ್ಣಾರೆ ಕಾಣುವ ಪ್ರಸಂಗ ನಮಗೆ ಒದಗಿತು. ಅದಕ್ಕೆ ಕಾರಣವಾದದ್ದು ಒಂದು ವೀಡಿಯೋ ಆಟ ಎಂದರೆ ಓದುಗ ಬಂಧುಗಳು ಹುಬ್ಬೇರಿಸಬಹುದು. ನಾವೂ ಮೊದಲು ಹುಬ್ಬೇರಿಸಿದವರೇ. ಆದರೆ ಮಕ್ಕಳಿರುವ ಮನೆಗಳಿಗೆಲ್ಲ ಉಪಯೋಗವಾಗುವ ಕೆಲವು ಸಂಗತಿಗಳು ಅದರಿಂದ ತಿಳಿದುಬಂದುದರಿಂದ ಇಲ್ಲಿ ಹೇಳಿಕೊಳ್ಳುತ್ತಿದ್ದೇವೆ.

ನಮ್ಮ ಕಿರಿಯ ಮಗನಿಗೆ ಈಗ 22 ವರ್ಷ. ಹನ್ನೆರಡನೆಯ ವಯಸ್ಸಿನಿಂದ ಆತ ಕಾಳಗದ ಆಟಗಳನ್ನು ಆಡುತ್ತ ಬಂದವನು. ಓದಿನಲ್ಲಿ ಹಿಂದೆ ಬಿದ್ದವನಲ್ಲವಾದ್ದರಿಂದ ನಾವು ಗದರಿಸಿದರೂ ಪೂರ್ತಿ ತಡೆದಿರಲಿಲ್ಲ. ಕಳೆದ ವರ್ಷ ಬೇಸಿಗೆಯಲ್ಲಿ ಒಂದು ದಿನ ಊಟಕ್ಕೆ ಕುಳಿತಾಗ ಆತ ನೀರಿನ ತಂಬಿಗೆಯನ್ನು ಎಡಗೈಯಲ್ಲಿ ಎತ್ತಲು ಹೋಗಿ, ನೋವಿನಿಂದ ಮುಖ ಕಿವುಚಿ ಕೆಳಗಿಟ್ಟ. ವಿಚಾರಿಸಿದಾಗ, ಎರಡು ತಿಂಗಳಿಂದ ಎಡಗೈ ಹೆಬ್ಬೆರಳಿನ ಬುಡದಲ್ಲಿ ನೋವಿದ್ದು, ಬೈಗುಳಕ್ಕೆ ಹೆದರಿ ಮುಚ್ಚಿಟ್ಟಿದ್ದನೆಂದು ಗೊತ್ತಾಯಿತು.

ವೈದ್ಯರು ಪರೀಕ್ಷಿಸಿ ‘ಡಿ ಕ್ವರ್ವೇನ್’ ಎಂಬ ತೊಂದರೆಯೆಂದರು. ಹೆಬ್ಬೆರಳನ್ನು ಆಡಿಸುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಕಿರಿದಾದ ಹೊದಿಕೆಯೊಳಗಿಂದ ಹಾದುಹೋಗುತ್ತವೆ. ಒಂದೇ ಚಲನೆ ಮತ್ತೆ ಮತ್ತೆ ನಡೆದಾಗ ಆ ಹೊದಿಕೆ ದಪ್ಪಗಾಗಿ, ರಜ್ಜು ಜಾರುವುದು ಕಷ್ಟವಾಗಿ ನೋವು ಹುಟ್ಟುತ್ತದೆ. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯರ ಹೆಸರೇ ಈ ತೊಂದರೆಗೆ ಬಂದಿದೆ. ಹಸುಗೂಸನ್ನು ದಿನವಿಡೀ ಎತ್ತಿ ಇಳಿಸುವ ಬಾಣಂತಿಯರಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ. ವೈದ್ಯರು ಹೆಬ್ಬೆರಳು ಅಲುಗದಂತೆ ಪಟ್ಟಿ ಕಟ್ಟಿ, ಆರು ವಾರ ವಿಶ್ರಾಂತಿ ಹೇಳಿದರು.

ಮನೆಗೆ ಬಂದ ಮೇಲೆ ನಾವು ಆಡಬಾರದ ಮಾತುಗಳನ್ನೂ ಆಡಿದೆವು. ಆಟದ ಸಾಧನವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಇನ್ನು ಈ ಜನ್ಮದಲ್ಲಿ ಅದನ್ನು ಮುಟ್ಟಕೂಡದೆಂದು ಆಜ್ಞೆ ಮಾಡಿದೆವು. ಹುಡುಗ ಎದುರಾಡಲಿಲ್ಲ, ಆದರೆ ನಾಲ್ಕೈದು ದಿನ ಮನೆಯಲ್ಲಿ ಯಾರೊಂದಿಗೂ ಮಾತಾಡಲಿಲ್ಲ. ಕಡೆಗೆ ಮಾತು ತೆಗೆದವರು 82 ವರ್ಷದ ನಮ್ಮ ತಾಯಿಯವರು.

“ನನ್ನ ಬಲಗೈ ಮುರದಾಗ ನಾ ರೊಟ್ಟಿ ಬಡಿಯೂದು ಬಿಟ್ಟೆನೇನು? ಕೈ ಬದಲಿ ಮಾಡಿದೆ. ಅವನೂ ಕೈ ಬದಲಿ ಮಾಡ್ಲಿ ಬಿಡಪಾ,” ಎಂದರು.

ಆ ಮಾತು ನಮಗೆ ನಾಟಿತು. ಇಪ್ಪತ್ತು ವರ್ಷದ ಹಿಂದೆ ಹಿತ್ತಲಲ್ಲಿ ಜಾರಿ ಬಿದ್ದು ಅವರ ಬಲ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿದ ಮೇಲೂ ಆ ಕೈಗೆ ಮೊದಲಿನ ಬಲ ಬರಲಿಲ್ಲ. ಜೋಳದ ಹಿಟ್ಟನ್ನು ಬಲಗೈಯಿಂದ ಬಡಿದು ಎಡಗೈಯಿಂದ ತಿರುಗಿಸುತ್ತಿದ್ದವರು, ಎಡಗೈಯಿಂದ ಬಡಿದು ಬಲಗೈಯಿಂದ ತಿರುಗಿಸಲು ಕಲಿತರು. ಮೊದಲ ತಿಂಗಳು ರೊಟ್ಟಿಗಳು ಹರಿದವು, ಅಂಚು ದಪ್ಪಗಾದವು. ಮುಂದೆ ತೆಳ್ಳನೆಯ ದುಂಡು ರೊಟ್ಟಿಗಳೇ ಬಂದವು. ಮರವಾಗಿದ್ದ ಕೈ ಬಗ್ಗಿದ್ದನ್ನು ನಾವು ಅಂದು ಕಂಡೂ ಕಾಣದವರಾಗಿದ್ದೆವು.

ಆಟದ ಒಳಗೇನಿದೆ?

ಈ ಆಟಗಳ ಪರಿಚಯವಿಲ್ಲದ ಹಿರಿಯರಿಗಾಗಿ ನಾಲ್ಕು ಮಾತು ಅಗತ್ಯ. ತೆರೆಯ ಮೇಲೆ ಇಬ್ಬರು ಜಟ್ಟಿಗಳು ಎದುರುಬದುರು ನಿಂತಿರುತ್ತಾರೆ. ಒಬ್ಬೊಬ್ಬರನ್ನು ಒಬ್ಬೊಬ್ಬ ಆಟಗಾರ ಆಡಿಸುತ್ತಾನೆ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1991ರಲ್ಲಿ ಹೊರತಂದ ‘ಸ್ಟ್ರೀಟ್ ಫೈಟರ್ 2’ ಈ ಬಗೆಯ ಆಟಗಳಿಗೆ ಅಚ್ಚಾಯಿತು. ಅದರಲ್ಲಿ ಎಡಗೈಗೆ ದಿಕ್ಕು ತೋರಿಸುವ ಕೋಲು, ಬಲಗೈಗೆ ಆರು ಗುಂಡಿಗಳು. ಮೂರು ಗುದ್ದಿಗೆ, ಮೂರು ಒದೆತಕ್ಕೆ. ಎರಡರಲ್ಲಿಯೂ ಹಗುರ, ಮಧ್ಯಮ, ಬಲವಾದದ್ದು ಎಂಬ ಮೂರು ತರ. ಆಟ ಮನೆಗಳಿಗೆ ಬಂದಾಗ ಕೋಲಿನ ಬದಲು ಎರಡೂ ಅಂಗೈಗಳಲ್ಲಿ ಹಿಡಿಯುವ ಪ್ಯಾಡ್ ಬಂದಿತು. ಅದರಲ್ಲಿ ದಿಕ್ಕುಗಳೆಲ್ಲ ಎಡ ಹೆಬ್ಬೆರಳೊಂದರ ಪಾಲಿಗೆ ಬಿದ್ದವು. ನಮ್ಮ ಮಗನ ನೋವಿನ ಮೂಲ ಇಲ್ಲಿಯೇ ಇತ್ತು.

ಈ ಆಟದಲ್ಲಿ ಬರಿಯ ಗುಂಡಿ ಒತ್ತಿದರೆ ಸಾಲದು. ಉದಾಹರಣೆಗೆ ‘ಹಡೋಕೆನ್’ ಎಂಬ ಬೆಂಕಿಯುಂಡೆಯಂಥ ಅಸ್ತ್ರವನ್ನು ಬಿಡಬೇಕಾದರೆ ಮೊದಲು ಕೆಳಕ್ಕೆ, ಆಮೇಲೆ ಕೆಳಗೆ ಓರೆಯಾಗಿ ಮುಂದಕ್ಕೆ, ಕಡೆಗೆ ನೇರ ಮುಂದಕ್ಕೆ ಒಂದೇ ಎಳೆತದಲ್ಲಿ ದಿಕ್ಕು ಹೊರಳಿಸಿ, ಅದರ ಬೆನ್ನಿಗೇ ಗುದ್ದಿನ ಗುಂಡಿ ಒತ್ತಬೇಕು. ಎದುರಾಳಿ ನೆಗೆದು ಬೆನ್ನ ಹಿಂದೆ ಬಂದರೆ ‘ಮುಂದೆ’ ಎಂಬುದೇ ಅದಲುಬದಲಾಗುತ್ತದೆ. ಅದೇ ಚಲನೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಮಾಡಬೇಕು.

ಇದೆಲ್ಲ ನಡೆಯುವ ವೇಗವಾದರೂ ಎಷ್ಟು? ತೆರೆಯ ಚಿತ್ರ ಸೆಕೆಂಡಿಗೆ 60 ಬಾರಿ ಬದಲಾಗುತ್ತದೆ. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ 15 ಚಿತ್ರಗಳು ಕಳೆದಿರುತ್ತವೆ. ಹೀಗಿರುವಾಗ ಯಾವ ಗುಂಡಿ ಎಲ್ಲಿದೆಯೆಂದು ಯೋಚಿಸುತ್ತ ಕುಳಿತವನು ಏಟು ತಿಂದು ಬಿದ್ದಿರುತ್ತಾನೆ. ಮನಸ್ಸು ಹೊಡೆಯಬೇಕೆಂದು ನಿಶ್ಚಯಿಸುವಷ್ಟರಲ್ಲಿ ಬೆರಳು ತಾನಾಗಿಯೇ ಹೋಗಿರಬೇಕು.

ಬೆರಳು ಇಷ್ಟು ಪಳಗಬಲ್ಲದೆಂಬುದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. 2004ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ‘ಇವೋ’ ಸ್ಪರ್ಧೆಯಲ್ಲಿ ಜಪಾನಿನ ದೈಗೋ ಉಮೆಹಾರಾ ಅವರು ಅಮೆರಿಕದ ಜಸ್ಟಿನ್ ವಾಂಗ್ ಅವರನ್ನು ಎದುರಿಸಿದರು. ದೈಗೋ ಅವರ ಜಟ್ಟಿಯಲ್ಲಿ ಪ್ರಾಣ ಎಳೆಯಷ್ಟೇ ಉಳಿದಿತ್ತು. ಒಂದೇ ಒಂದು ಏಟು ತಾಗಿದರೂ ಸೋಲು. ಎದುರಾಳಿ 15 ಏಟುಗಳ ಮಹಾಪ್ರಹಾರವನ್ನು ಹರಿಯಬಿಟ್ಟಾಗ, ಒಂದೊಂದು ಏಟಿಗೂ ಅದು ತಾಗುವ ಕ್ಷಣಕ್ಕೆ ಸರಿಯಾಗಿ ಕೋಲನ್ನು ಮುಂದಕ್ಕೆ ತಟ್ಟಿ, ಹದಿನೈದನ್ನೂ ತಡೆದು, ಮರುಪ್ರಹಾರದಲ್ಲಿ ಆ ಪಂದ್ಯ ಗೆದ್ದರು. ಆ ವರ್ಷದ ಅಂತಿಮ ಗೆಲುವು ಅವರದಾಗಲಿಲ್ಲವಾದರೂ ಜನ ಇಂದಿಗೂ ನೆನೆಯುವುದು ಆ ಹದಿನೈದು ತಡೆಗಳನ್ನೇ. ಇಷ್ಟೊಂದು ಪಳಗಿದ ಕೈಯವರೂ ಮುಂದಿನ ವರ್ಷಗಳಲ್ಲಿ ಕೋಲನ್ನು ಬಿಟ್ಟು, ದಿಕ್ಕುಗಳಿಗೂ ಗುಂಡಿಗಳೇ ಇರುವ ಸಾಧನಕ್ಕೆ ಬದಲಾದರು ಎಂಬುದು ಇಲ್ಲಿ ಗಮನಾರ್ಹ.

ಕೋಲಿಲ್ಲದ ಪೆಟ್ಟಿಗೆ

ನಮ್ಮ ಮಗ ಆರಿಸಿಕೊಂಡದ್ದೂ ಅದೇ ಬಗೆಯ ಸಾಧನವನ್ನು. ಆರು ವಾರ ಕಳೆದು, ನೋವು ಇಳಿದು, ಅಂಗಸಾಧನೆ ಹೇಳಿಕೊಡುವ ಚಿಕಿತ್ಸಕರು ಒಪ್ಪಿಗೆ ಕೊಟ್ಟ ಮೇಲೆಯೇ ಆತ ಅದನ್ನು ತರಿಸಿದ. ಮೇಜಿನ ಮೇಲೆ ಅಡ್ಡಲಾಗಿ ಇಡುವ ಚಪ್ಪಟೆ ಪೆಟ್ಟಿಗೆ. ಎಡಗೈಯ ಉಂಗುರ ಬೆರಳಿನ ಕೆಳಗೆ ಎಡ ದಿಕ್ಕಿನ ಗುಂಡಿ, ನಡುಬೆರಳಿಗೆ ಕೆಳ ದಿಕ್ಕು, ತೋರುಬೆರಳಿಗೆ ಬಲ ದಿಕ್ಕು. ಮೇಲಕ್ಕೆ ನೆಗೆಯುವ ಗುಂಡಿ ಮಾತ್ರ ಕೆಳಗಡೆ, ಹೆಬ್ಬೆರಳುಗಳ ಬಳಿ ಇದೆ. ಅದನ್ನು ಯಾವ ಹೆಬ್ಬೆರಳಿನಿಂದಲೂ ಒತ್ತಬಹುದು. ಎಡ ಹೆಬ್ಬೆರಳಿಗೆ ಬಿಡುವು ಬೇಕಾದುದರಿಂದ ಬಲ ಹೆಬ್ಬೆರಳಿಗೆ ಆ ಕೆಲಸ ಒಪ್ಪಿಸುವುದೆಂದು ಆತ ಗೊತ್ತುಮಾಡಿಕೊಂಡ.

ಹೇಳುವುದು ಸುಲಭ. ಪ್ಯಾಡಿನಲ್ಲಿ ಒಂದು ಹೆಬ್ಬೆರಳು ಹೊರಳಿದರೆ ಆಗುತ್ತಿದ್ದ ಹಡೋಕೆನ್‌ಗೆ ಇಲ್ಲಿ ನಡುಬೆರಳನ್ನು ಒತ್ತಿ, ಅದನ್ನು ಬಿಡದೆ ತೋರುಬೆರಳನ್ನೂ ಒತ್ತಿ, ಆಮೇಲೆ ನಡುಬೆರಳನ್ನು ಮಾತ್ರ ಎತ್ತಿ, ಬಲಗೈಯಿಂದ ಗುದ್ದಬೇಕು. ಮುಖ ಎಡಕ್ಕೆ ತಿರುಗಿದಾಗ ತೋರುಬೆರಳಿನ ಜಾಗದಲ್ಲಿ ಉಂಗುರ ಬೆರಳು ಬರಬೇಕು. ಮೊದಲ ದಿನ ನಾವು ಪಕ್ಕದಲ್ಲಿ ಕುಳಿತು ಎಣಿಸಿದೆವು. ಬಲಕ್ಕೆ ಮುಖ ಮಾಡಿದಾಗ 20 ಪ್ರಯತ್ನಗಳಲ್ಲಿ ಏಳು ಸರಿಯಾದವು. ಎಡಕ್ಕೆ ಮುಖ ಮಾಡಿದಾಗ ಎರಡೇ. ಹತ್ತು ವರ್ಷ ಆಡಿದ ಹುಡುಗ ಅಂಬೆಗಾಲಿಡುವ ಕೂಸಿನಂತಾಗಿದ್ದ.

ಇನ್ನೊಂದು ವಿಚಿತ್ರವನ್ನೂ ಕಂಡೆವು. ಎದುರಾಳಿ ಮೇಲೆರಗಿದಾಗಲೆಲ್ಲ ಇವನ ಜಟ್ಟಿ ಬಗ್ಗಿ ತಡೆಯುವ ಬದಲು ಸುಮ್ಮನೆ ಮೇಲಕ್ಕೆ ನೆಗೆದು ಏಟು ತಿನ್ನುತ್ತಿದ್ದ. ಕಾರಣ ತಿಳಿಯಲು ಎರಡು ದಿನ ಬೇಕಾಯಿತು. ಗಾಬರಿಯಾದಾಗ ಎಡ ಹೆಬ್ಬೆರಳು ತನ್ನ ಹಳೆಯ ಕೆಲಸ ನೆನೆದು ತಾನಾಗಿ ಒತ್ತುತ್ತಿತ್ತು. ಪ್ಯಾಡಿನಲ್ಲಿ ಆ ಬೆರಳಿನ ಕೆಳಗೆ ನಾಲ್ಕೂ ದಿಕ್ಕುಗಳಿದ್ದವು. ಇಲ್ಲಿ ಇದ್ದದ್ದು ನೆಗೆತ ಒಂದೇ!

ನಮ್ಮದೇ ಕಥೆ

ಇದನ್ನು ಕಂಡು ನಮಗೆ ನಗು ಬರುವ ಬದಲು ನಮ್ಮ ಹಳೆಯ ದಿನಗಳು ನೆನಪಾದವು. ನಾವು 1986ರಲ್ಲಿ ಕಚೇರಿಯೊಂದರಲ್ಲಿ ಕನ್ನಡ ಬೆರಳಚ್ಚುಗಾರರಾಗಿ ಸೇರಿದವರು. ಬೆರಳಚ್ಚು ಯಂತ್ರದಲ್ಲಿ ಅಕ್ಷರವನ್ನು ಅದರ ಆಕಾರದ ಬಿಡಿಭಾಗಗಳಿಂದ ಕಟ್ಟಬೇಕಿತ್ತು. 2003ರಲ್ಲಿ ನಮ್ಮ ಮೇಜಿಗೆ ಗಣಕಯಂತ್ರ ಬಂದಿತು. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿ ಸರ್ಕಾರ ಒಪ್ಪಿದ ಕೀಲಿಮಣೆ, ‘ನುಡಿ’ ತಂತ್ರಾಂಶ. ಅಲ್ಲಿ ಅಕ್ಷರವನ್ನು ಕಟ್ಟುವುದು ಆಕಾರದ ಕ್ರಮದಲ್ಲಲ್ಲ, ಉಚ್ಚಾರದ ಕ್ರಮದಲ್ಲಿ. ಹದಿನೇಳು ವರ್ಷ ಕಣ್ಣು ಮುಚ್ಚಿ ಹೊಡೆಯುತ್ತಿದ್ದ ನಾವು ಒಂದು ಅರ್ಜಿ ಮುಗಿಸಲು ಅರ್ಧ ದಿನ ತೆಗೆದುಕೊಳ್ಳುವಂತಾಯಿತು. ಸಾಲು ಮುಗಿದಾಗಲೆಲ್ಲ ಎಡಗೈ ಗಾಳಿಯಲ್ಲಿ ಮೇಲೆದ್ದು ಇಲ್ಲದ ಹಿಡಿಕೆಯನ್ನು ತಳ್ಳಲು ಹೋಗುತ್ತಿತ್ತು. ಕಿರಿಯ ಗುಮಾಸ್ತರು ನಗುತ್ತಿದ್ದರು. ಒಂದು ಸಂಜೆ ಕಚೇರಿ ಬಿಟ್ಟು ಮನೆಗೆ ಬಂದು, ನೌಕರಿಯೇ ಬೇಡವೆಂದು ಮನೆಯವರ ಮುಂದೆ ಕಣ್ಣೀರು ಹಾಕಿದ್ದೂ ಉಂಟು. ಇದನ್ನು ಮಗನಿಗೆ ನಾವು ಎಂದೂ ಹೇಳಿರಲಿಲ್ಲ. ಆ ರಾತ್ರಿ ಹೇಳಿದೆವು. ಆತ ಬಹಳ ಹೊತ್ತು ಸುಮ್ಮನಿದ್ದು, “ಆಮ್ಯಾಲೆ ಹೆಂಗ ಕಲತ್ರಿ ಅಪ್ಪಾ?” ಎಂದು ಕೇಳಿದ. ಅಂದಿನಿಂದ ಆ ಕೆಲಸ ಇಬ್ಬರದೂ ಆಯಿತು.

ನೆನಪು ಇರುವುದು ಎಲ್ಲಿ?

‘ಕೈಗೆ ಬಂದ ವಿದ್ಯೆ’ ಎನ್ನುತ್ತೇವೆ. ಇಂಗ್ಲಿಷಿನವರು ಇದನ್ನು ಸ್ನಾಯುವಿನ ನೆನಪು ಎಂದು ಕರೆದರು. ವಾಸ್ತವವಾಗಿ ಈ ನೆನಪು ಇರುವುದು ಕೈಯಲ್ಲೂ ಅಲ್ಲ, ಸ್ನಾಯುವಿನಲ್ಲೂ ಅಲ್ಲ, ಮೆದುಳಿನಲ್ಲಿ. ಆದರೆ ಊರು, ಹೆಸರು, ನಿನ್ನೆಯ ಊಟ ಇವುಗಳ ನೆನಪಿಗೆ ಬೇಕಾದ ಭಾಗವೇ ಬೇರೆ, ಕೈಚಳಕಕ್ಕೆ ಬೇಕಾದ ಭಾಗಗಳೇ ಬೇರೆ.

ಇದು ತಿಳಿದುಬಂದ ಬಗೆ ಮನ ಕಲಕುವಂಥದು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೇಸನ್ ಎಂಬ ತರುಣನಿಗೆ ಮೂರ್ಛೆರೋಗದ ನಿವಾರಣೆಗಾಗಿ ಮೆದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಅದಾದ ಮೇಲೆ ಆತನಲ್ಲಿ ಯಾವ ಹೊಸ ಸಂಗತಿಯೂ ನೆನಪಾಗಿ ಉಳಿಯದಂತಾಯಿತು. ಆಗಷ್ಟೇ ಮಾತಾಡಿಸಿ ಹೋದವರು ಮರಳಿ ಬಂದರೆ ಹೊಸಬರಂತೆ ಕಾಣುತ್ತಿದ್ದರು. ಕೆನಡಾದ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವರು ಆತನಿಗೆ ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಆಕಾರವನ್ನು ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಆತನ ತಪ್ಪುಗಳು ಕಡಿಮೆಯಾದವು. ಆದರೆ ಆ ಕೆಲಸವನ್ನು ಹಿಂದೆ ಮಾಡಿದ್ದೇನೆಂಬ ಅರಿವೇ ಆತನಿಗೆ ಇರಲಿಲ್ಲ! ಮನಸ್ಸು ಮರೆತದ್ದನ್ನು ಕೈ ಕಲಿತಿತ್ತು.

ಕೈಯ ಪಾಠ ಮೂರು ಹಂತಗಳಲ್ಲಿ ಸಾಗುತ್ತದೆಂದು 1967ರಲ್ಲಿ ಫಿಟ್ಸ್ ಮತ್ತು ಪೋಸ್ನರ್ ಎಂಬ ಮನಶ್ಶಾಸ್ತ್ರಜ್ಞರು ವಿವರಿಸಿದರು. ಮೊದಲನೆಯದರಲ್ಲಿ ಪ್ರತಿ ಹೆಜ್ಜೆಯನ್ನೂ ಬುದ್ಧಿ ಹೇಳಿಕೊಡಬೇಕು. ಎರಡನೆಯದರಲ್ಲಿ ಹೆಜ್ಜೆಗಳು ಒಂದಕ್ಕೊಂದು ಹೊಂದಿ ತಪ್ಪುಗಳು ಇಳಿಯುತ್ತವೆ. ಮೂರನೆಯದರಲ್ಲಿ ಬುದ್ಧಿಯ ಹಂಗಿಲ್ಲದೆ ಕೆಲಸ ನಡೆಯುತ್ತದೆ. ಹಳೆಯ ಕ್ರಮದಲ್ಲಿ ಮೂರನೆಯ ಹಂತದಲ್ಲಿದ್ದವನು ಹೊಸ ಕ್ರಮಕ್ಕೆ ಬಂದಾಗ ಮತ್ತೆ ಮೊದಲನೆಯದಕ್ಕೆ ಇಳಿಯುತ್ತಾನೆ. ಅವಮಾನವಾಗುವುದು ಅದಕ್ಕೇ. ಅಷ್ಟಲ್ಲದೆ ಹಳೆಯ ಪಾಠ ಅಳಿಸಿಹೋಗುವುದಿಲ್ಲ. ಹೊಸ ದಾರಿ ಸವೆದು ಗಟ್ಟಿಯಾಗುವವರೆಗೆ, ಆಯಾಸವಾದಾಗ ಅಥವಾ ಗಾಬರಿಯಾದಾಗ ಕೈ ಹಳೆಯ ದಾರಿಯನ್ನೇ ಹಿಡಿಯುತ್ತದೆ.

ಅಮೆರಿಕದ ಎಂಜಿನಿಯರ್ ಡೆಸ್ಟಿನ್ ಸ್ಯಾಂಡ್ಲಿನ್ ಅವರು 2015ರಲ್ಲಿ ಜನರ ಮುಂದಿಟ್ಟ ಪ್ರಯೋಗ ಇದಕ್ಕೆ ಕನ್ನಡಿ ಹಿಡಿಯುತ್ತದೆ. ಹಿಡಿಕೆಯನ್ನು ಎಡಕ್ಕೆ ತಿರುಗಿಸಿದರೆ ಗಾಲಿ ಬಲಕ್ಕೆ ತಿರುಗುವ ಸೈಕಲ್ಲೊಂದನ್ನು ಅವರು ಪಡೆದರು. ಅದನ್ನು ತುಳಿಯಲು, ದಿನವೂ ಐದು ನಿಮಿಷದಂತೆ ಅವರಿಗೆ ಎಂಟು ತಿಂಗಳು ಹಿಡಿಯಿತು. ಅವರ ಚಿಕ್ಕ ಮಗ ಎರಡು ವಾರಗಳಲ್ಲಿ ಕಲಿತ. ಕಲಿತ ಮೇಲೆ ಮಾಮೂಲಿ ಸೈಕಲ್ ಏರಿದರೆ ಅವರಿಗೆ ಅದೂ ಬರದಾಗಿತ್ತು. ಸುಮಾರು 20 ನಿಮಿಷ ಎಡವಿದ ಮೇಲೆ ಹಳೆಯ ವಿದ್ಯೆ ಒಮ್ಮೆಗೇ ಮರಳಿತು. ಗಿಡ ಬೇಗ ಬಗ್ಗುತ್ತದೆ ಎಂಬ ಹಿರಿಯರ ಮಾತು ಸುಳ್ಳಲ್ಲ. ಆದರೆ ಮರವೂ ಬಗ್ಗುತ್ತದೆ. ಅದಕ್ಕೆ ಕಾಲ ಬೇಕು, ತಾಳ್ಮೆ ಬೇಕು.

ಅಭ್ಯಾಸದ ಕ್ರಮ

ಎಷ್ಟು ಹೊತ್ತು ಅಭ್ಯಾಸ ಮಾಡಬೇಕೆಂಬ ಪ್ರಶ್ನೆಗೆ ಇಂಗ್ಲೆಂಡಿನ ಅಂಚೆ ನೌಕರರು ಉತ್ತರ ಕೊಟ್ಟಿದ್ದಾರೆ. ಕೀಲಿಮಣೆ ಕಲಿಯಬೇಕಾಗಿ ಬಂದ ಅವರನ್ನು ಬ್ಯಾಡ್‌ಲೀ ಮತ್ತು ಲಾಂಗ್‌ಮನ್ ಎಂಬ ಸಂಶೋಧಕರು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ. ಇನ್ನೊಂದಕ್ಕೆ ಎರಡೆರಡು ಗಂಟೆಗಳ ಎರಡು ಪಾಠ. 1978ರಲ್ಲಿ ಪ್ರಕಟವಾದ ಫಲಿತಾಂಶದಂತೆ, ದಿನಕ್ಕೆ ಒಂದು ಗಂಟೆ ಕಲಿತವರು ಒಟ್ಟು ಕಡಿಮೆ ಗಂಟೆಗಳಲ್ಲಿ ಅದೇ ಮಟ್ಟ ಮುಟ್ಟಿದರು. ಸ್ವಾರಸ್ಯವೆಂದರೆ, ತಮ್ಮ ಕಲಿಕೆಯ ಬಗ್ಗೆ ಹೆಚ್ಚು ಅಸಮಾಧಾನ ಪಟ್ಟವರೂ ಅವರೇ. ದಿನಗಳು ಹೆಚ್ಚು ಹಿಡಿದುದರಿಂದ ತಾವು ನಿಧಾನವೆಂದು ಅವರಿಗೆ ತೋರಿತು. ಸರಿಯಾದ ದಾರಿ ನಿಧಾನವಾದ ದಾರಿಯಂತೆ ಕಾಣುವುದು ಲೋಕದಲ್ಲಿ ಹೊಸದೇನಲ್ಲವಷ್ಟೆ.

ಇದನ್ನೆಲ್ಲ ತಿಳಿದುಕೊಂಡು ನಾವು ಮತ್ತು ಮಗ ಕೂಡಿ ಒಂದು ಕ್ರಮ ಹಾಕಿಕೊಂಡೆವು. ವಾದ್ಯ, ಬೆರಳಚ್ಚು, ವಾಹನ ಚಾಲನೆ ಯಾವುದೇ ಇರಲಿ, ಹಳೆಯ ರೂಢಿ ಬಿಟ್ಟು ಹೊಸದು ಕಲಿಯುವ ಯಾರಿಗಾದರೂ ಇದು ಹೊಂದುತ್ತದೆಂದು ಇಲ್ಲಿ ಕೊಡುತ್ತಿದ್ದೇವೆ.

ಮೊದಲನೆಯದಾಗಿ, ಗುಂಡಿಗಳ ಜೋಡಣೆಯನ್ನು ಒಮ್ಮೆ ಯೋಚಿಸಿ ನಿಶ್ಚಯಿಸಿದ ಮೇಲೆ ಪದೇ ಪದೇ ಬದಲಿಸಬಾರದು. ಎರಡು ದಿನ ಒಂದು ಕ್ರಮ, ಮೂರು ದಿನ ಇನ್ನೊಂದು ಎಂದರೆ ಬೆರಳು ಯಾವುದನ್ನೂ ನಂಬುವುದಿಲ್ಲ.

ಎರಡನೆಯದಾಗಿ, ಮೊದಲ ಎರಡು ವಾರ ಪಂದ್ಯ ಆಡಬಾರದು. ಎದುರಾಳಿಯಿದ್ದಾಗ ಗೆಲ್ಲುವ ಆತುರ ಹುಟ್ಟುತ್ತದೆ. ಆತುರ ಹಳೆಯ ರೂಢಿಯನ್ನು ಎಬ್ಬಿಸುತ್ತದೆ. ಈ ಆಟಗಳಲ್ಲಿ ಎದುರಾಳಿ ಸುಮ್ಮನೆ ನಿಂತಿರುವ ಅಭ್ಯಾಸದ ಅಂಕಣ ಇರುತ್ತದೆ. ಅಲ್ಲಿಯೇ ಕಲಿಯಬೇಕು.

ಮೂರನೆಯದಾಗಿ, ವೇಗಕ್ಕಿಂತ ಶುದ್ಧಿ ಮುಖ್ಯ. ತಪ್ಪಿಲ್ಲದೆ ಮಾಡಬಲ್ಲಷ್ಟು ನಿಧಾನವಾಗಿ ಮಾಡಬೇಕು. ಅವಸರದಲ್ಲಿ ತಪ್ಪಾಗಿ ನೂರು ಸಲ ಮಾಡಿದರೆ ಬೆರಳು ಕಲಿಯುವುದು ಆ ತಪ್ಪನ್ನೇ. ಎರಡೂ ಮುಖಗಳಿಗೆ ಸಮನಾಗಿ ಸಮಯ ಕೊಡಬೇಕು.

ನಾಲ್ಕನೆಯದಾಗಿ, ಕೈಯನ್ನು ನೋಡಬಾರದು. ‘ಎಡದಿಂದ ಎರಡನೆಯ ಗುಂಡಿ’ ಎನ್ನುವ ಬದಲು ‘ಮಧ್ಯಮ ಗುದ್ದು’ ಎಂದು ಕೆಲಸದ ಹೆಸರನ್ನೇ ಬಾಯಲ್ಲಿ ಹೇಳುತ್ತ ಒತ್ತಬೇಕು. ಬೆರಳಚ್ಚು ಕಲಿಸಿದ ನಮ್ಮ ಗುರುಗಳು ಕೀಲಿಗಳ ಮೇಲೆ ಬಟ್ಟೆ ಹೊದಿಸಿ ಅಕ್ಷರ ಕೂಗಿಸುತ್ತಿದ್ದುದು ಇದಕ್ಕಾಗಿಯೇ.

ಐದನೆಯದಾಗಿ, ಸಣ್ಣ ಅವಧಿ, ದಿನವೂ. ನಮ್ಮ ಮಗನಿಗೆ ಬೆಳಿಗ್ಗೆ 20 ನಿಮಿಷ, ಸಂಜೆ 20 ನಿಮಿಷ ಎಂದು ಗೊತ್ತುಮಾಡಿದೆವು. ನೋವಿನ ಸುಳಿವು ಕಂಡರೆ ಅಂದಿಗೆ ನಿಲ್ಲಿಸುವುದು. ಒಂದು ನೋಟುಬುಕ್ಕಿನಲ್ಲಿ ಇಪ್ಪತ್ತಕ್ಕೆ ಎಷ್ಟು ಸರಿಯಾಯಿತೆಂದು ಬರೆಯುವುದು.

ಆರನೆಯದಾಗಿ, ನಿದ್ರೆ. ಹಗಲು ಕಲಿತ ಕೈಚಳಕವನ್ನು ಮೆದುಳು ನಿದ್ರೆಯಲ್ಲಿ ಗಟ್ಟಿಗೊಳಿಸುತ್ತದೆಂದು ಸಂಶೋಧನೆಗಳು ತೋರಿಸಿವೆ. ರಾತ್ರಿ ಎರಡರವರೆಗೆ ಆಡಿದವನು ಕಲಿಯುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಈ ಒಂದು ಸಂಗತಿ ತಿಳಿದ ಮೇಲೆ ಹತ್ತೂವರೆಗೆ ದೀಪ ಆರಿಸಲು ನಾವು ಗದರಿಸುವ ಅಗತ್ಯವೇ ಬೀಳಲಿಲ್ಲ.

ಮೂರನೆಯ ವಾರಕ್ಕೆ ಇಪ್ಪತ್ತರಲ್ಲಿ ಹದಿನೆಂಟು ಸರಿಯಾಗತೊಡಗಿದವು. ಇನ್ನೇನು ಗೆದ್ದೆನೆಂದು ಪಂದ್ಯಕ್ಕಿಳಿದರೆ ಹತ್ತಕ್ಕೆ ಒಂಬತ್ತು ಸೋಲು. ಅಭ್ಯಾಸದ ಅಂಕಣ ಬೇರೆ, ಯುದ್ಧದ ಅಂಕಣ ಬೇರೆ. ಇದು ಎಲ್ಲರೂ ಕೈಬಿಡುವ ಘಟ್ಟ. ಆತನೂ ಒಂದು ರಾತ್ರಿ ಕಪಾಟಿನ ಕೀಲಿ ಕೇಳಿದ. ಹಳೆಯ ಪ್ಯಾಡಿನಲ್ಲಿ ಒಂದೇ ಒಂದು ಪಂದ್ಯ ಆಡಿ ಗೆಲ್ಲಬೇಕೆಂದ. ಕೀಲಿಯನ್ನು ಆತನ ಕೈಗೇ ಕೊಟ್ಟೆವು. ಬೆಳಿಗ್ಗೆ ಎದ್ದು ನೋಡಿದರೆ ಕೀಲಿ ದೇವರ ಜಗಲಿಯ ಮೇಲಿತ್ತು, ಕಪಾಟು ತೆರೆದಿರಲಿಲ್ಲ.

ಸೋಲಿನ ಲೆಕ್ಕ

ಆರು ತಿಂಗಳ ಮೇಲೆ ಬೆಂಗಳೂರಿನಲ್ಲಿ ನಡೆದ ಒಂದು ಸಣ್ಣ ಸ್ಪರ್ಧೆಗೆ ಆತ ಹೋದಾಗ ನಾವೂ ಜೊತೆಗೆ ಹೋದೆವು. ಮೊದಲನೆಯ ಪಂದ್ಯ ಗೆದ್ದ. ಎರಡನೆಯದರ ಕಡೆಯ ಸುತ್ತಿನಲ್ಲಿ ಇಬ್ಬರೂ ಒಂದೇ ಏಟಿನ ದೂರದಲ್ಲಿದ್ದರು. ಎದುರಾಳಿ ಮುಂದೆ ನುಗ್ಗಿದ. ನಮ್ಮ ಮಗನ ಜಟ್ಟಿ ಮೇಲಕ್ಕೆ ನೆಗೆದ. ಅಲ್ಲಿಗೆ ಆಟ ಮುಗಿಯಿತು. ಹತ್ತು ವರ್ಷದ ಹೆಬ್ಬೆರಳು ಆರು ತಿಂಗಳ ಬೆರಳುಗಳನ್ನು ಮೀರಿಸಿತ್ತು.

ರೈಲಿನಲ್ಲಿ ಮರಳುವಾಗ ಸಮಾಧಾನ ಹೇಳಲು ಬಾಯಿ ತೆರೆದೆವು. ಆತನೇ, “ಮದಲ ತಿಂಗಳು ಪ್ರತಿ ಸುತ್ತಿನ್ಯಾಗೂ ಹಾರತಿತ್ತು ಅಪ್ಪಾ. ಇವತ್ತು ಇಡೀ ದಿನದಾಗ ಒಮ್ಮೆ,” ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡ. ಸೋಲನ್ನು ಹೀಗೆ ಲೆಕ್ಕ ಹಿಡಿಯಬಲ್ಲ ಹುಡುಗನನ್ನು ಯಾವ ಆಟವೂ ಕೆಡಿಸಲಾರದೆಂದು ನಮಗೆ ಅಂದು ಅನ್ನಿಸಿತು.

ಈ ಕ್ಷೇತ್ರವೂ ಇಂದು ಹಿಂದಿನಂತಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಕ್ರೀಡೆಯನ್ನು ಬಹುಕ್ರೀಡಾ ಕೂಟಗಳ ಮಟ್ಟಿಗೆ ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2025ರಲ್ಲಿ ಸಂಸತ್ತು ಒಪ್ಪಿದ ಕಾಯಿದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಅವುಗಳಿಂದ ಬೇರ್ಪಡಿಸಿತು. ಚೀನಾದ ಹ್ಯಾಂಗ್‌ಝೌನಲ್ಲಿ 2023ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ‘ಸ್ಟ್ರೀಟ್ ಫೈಟರ್ 5’ ಪದಕದ ಆಟವಾಗಿತ್ತು. ಅದರಲ್ಲಿ ಚಿನ್ನ ಗೆದ್ದವರು ಹದಿಹರೆಯದವರಲ್ಲ. ದಕ್ಷಿಣ ಕೊರಿಯಾದ 44 ವರ್ಷದ ಕಿಮ್ ಗ್ವಾನ್‌-ವೂ. ಬೆರಳಿಗೆ ವಯಸ್ಸಾಯಿತೆಂದು ಕೊರಗುವವರು ಇದನ್ನು ನೆನೆಯಬೇಕು. ಆಟ ತಯಾರಿಸುವವರೂ ಈ ಕಷ್ಟವನ್ನು ಅರಿತಿದ್ದಾರೆ. 2023ರ ‘ಸ್ಟ್ರೀಟ್ ಫೈಟರ್ 6’ರಲ್ಲಿ ಹಳೆಯ ಕ್ರಮದ ಜೊತೆಗೆ, ಒಂದು ದಿಕ್ಕು ಒಂದು ಗುಂಡಿಯಲ್ಲಿ ವಿಶೇಷಾಸ್ತ್ರ ಬಿಡಬಹುದಾದ ಸುಲಭ ಕ್ರಮವೊಂದನ್ನು ಇಟ್ಟಿದ್ದಾರೆ. ಆದರೆ ಹಾಗೆ ಸುಲಭವಾಗಿ ಬಿಟ್ಟ ಅಸ್ತ್ರದ ಪೆಟ್ಟು ಕಡಿಮೆ. ಶ್ರಮಕ್ಕೆ ತಕ್ಕ ಫಲ ಎಂಬ ನಿಯಮ ಅಲ್ಲಿಯೂ ತಪ್ಪಿಲ್ಲ!

ಇದನ್ನು ಓದಿ ಮಕ್ಕಳ ಕೈಗೆ ಆಟದ ಪೆಟ್ಟಿಗೆ ಕೊಡಿರೆಂದು ನಾವು ಹೇಳುತ್ತಿಲ್ಲ. ಹೊತ್ತಿನ ಮಿತಿ, ಓದು, ನಿದ್ರೆ, ದೇಹಶ್ರಮ ಇವು ಮೊದಲು. ಕೈ ಬದಲಿಸುವುದು ನೋವಿಗೆ ಎಲ್ಲರಿಗೂ ಒಗ್ಗುವ ಔಷಧವೂ ಅಲ್ಲ. ನೋವು ಕಂಡರೆ ಮೊದಲು ವೈದ್ಯರಲ್ಲಿಗೆ ಹೋಗಬೇಕು. ಮಕ್ಕಳು ನೋವನ್ನು ನಮ್ಮಿಂದ ಮುಚ್ಚಿಡುವಂತೆ ನಾವು ಬೈಯಬಾರದು ಎಂಬುದಂತೂ ನಾವು ತಡವಾಗಿ ಕಲಿತ ಪಾಠ. ತಂಬಿಗೆ ಎತ್ತಲಾರದೆ ಮುಖ ಕಿವುಚಿದ ಆ ದಿನ ನೆನೆದರೆ ಈಗಲೂ ನಮಗೆ ಸಂಕಟವಾಗುತ್ತದೆ. ಎರಡು ತಿಂಗಳು ಮೊದಲೇ ಹೇಳಿದ್ದರೆ ಅಷ್ಟು ನೋವು ಪಡಬೇಕಾಗಿರಲಿಲ್ಲ.

ಮಗನ ಕೈ ಈಗ ನೆಟ್ಟಗಿದೆ. ಕಳೆದ ವಾರ ಅಜ್ಜಿಯ ಪಕ್ಕದಲ್ಲಿ ಕುಳಿತು ತಾನೂ ರೊಟ್ಟಿ ಬಡಿಯುತ್ತೇನೆಂದು ಹಟ ಹಿಡಿದ. ಮೊದಲನೆಯದು ಹರಿಯಿತು, ಎರಡನೆಯದೂ ಹರಿಯಿತು. “ಸಾವಕಾಶ ಬಡಿಯೋ ಮಗಾ, ಹಿಟ್ಟು ಎಲ್ಲಿ ಓಡಿ ಹೋಗೂದಿಲ್ಲ,” ಎಂದರು ಅಜ್ಜಿ. ಹರಿದ ರೊಟ್ಟಿಗಳನ್ನು ಅಂದು ನಾವೇ ಊಟ ಮಾಡಿದೆವು.